ಐದನೇ ವರ್ಷದ ಕಂಪ್ಯೂಟರ್

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಯಾವ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದರೂ ಮೊದಲು ಕೇಳುವ ಮಾತು ಒಂದೇ: ‘ಬಜೆಟ್ ಎಷ್ಟು ಸರ್?’ ಎರಡನೆಯದು, ‘ಯಾವ ಕೆಲಸಕ್ಕೆ?’ ಇವೆರಡಕ್ಕೆ ಉತ್ತರ ಸಿಕ್ಕಿತೆಂದರೆ ಅಂಗಡಿಯವರು ಒಂದು ಚೀಟಿ ತೆಗೆದುಕೊಂಡು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಮೇಲಿಂದ ಕೆಳಕ್ಕೆ ಬರೆದು, ಅಡಿಯಲ್ಲಿ ಗೆರೆ ಎಳೆದು ಮೊತ್ತ ಹೇಳಿಬಿಡುತ್ತಾರೆ. ಬ್ರ್ಯಾಂಡೆಡ್ ಮಳಿಗೆಗೆ ಹೋದರೂ ಪ್ರಶ್ನೆಗಳು ಇವೇ, ಚೀಟಿಯ ಬದಲು ಬಣ್ಣದ ಕರಪತ್ರ ಇರುತ್ತದೆ ಅಷ್ಟೆ. ‘ಇದನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?’ ಎಂದು ಮಾತ್ರ ಎರಡೂ ಕಡೆ ಯಾರೂ ಕೇಳುವುದಿಲ್ಲ. ಕೊಳ್ಳುವವರೂ ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇಡೀ ತೀರ್ಮಾನ ನಿಂತಿರುವುದು ಆ ಕೇಳದ ಪ್ರಶ್ನೆಯ ಮೇಲೆ.

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಯಾವ ಕಂಪ್ಯೂಟರ್ ಕೊಳ್ಳುವುದು ಎಂಬ ಜಿಜ್ಞಾಸೆ ಮನೆಮನೆಗಳಲ್ಲಿ ಶುರುವಾಗುತ್ತದೆ. ಮಗಳಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ, ಮಗನಿಗೆ ವಿಡಿಯೊ ಎಡಿಟಿಂಗ್ ಕಲಿಯುವ ಆಸೆ, ಯಜಮಾನರು ನಿವೃತ್ತರಾಗಿ ಮನೆಯಲ್ಲೇ ಟ್ಯಾಕ್ಸ್ ಫೈಲಿಂಗ್ ಮಾಡಿಕೊಡಬೇಕೆಂದಿದ್ದಾರೆ. ಬ್ರ್ಯಾಂಡೆಡ್ ತಗೊಳ್ಳೋದಾ, ಅಸೆಂಬಲ್ ಮಾಡಿಸೋದಾ? ಲ್ಯಾಪ್‌ಟಾಪ್ ಬೇಕೆನ್ನುವವರಿಗೆ ಈ ಪ್ರಶ್ನೆಯೇ ಇಲ್ಲ, ಕಂಪನಿ ಕೊಟ್ಟಿದ್ದೇ ಗತಿ. ಡೆಸ್ಕ್‌ಟಾಪ್‌ನವರಿಗೆ ಇದೆ. ಅದಕ್ಕಾಗಿ ನಾವು ಸಂತೋಷಪಡಬೇಕು. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಯಂತ್ರಗಳು ಈಗ ಎಷ್ಟಿವೆ? ಟಿ.ವಿ., ಫೋನು, ಫ್ರಿಜ್ಜು ಯಾವುದಕ್ಕೂ ಆ ಭಾಗ್ಯವಿಲ್ಲ.

ಈ ಭಾಗ್ಯ ಬಂದದ್ದು ಒಂದು ಕಂಪನಿಯ ಅವಸರದಿಂದ. ಮೊದಲು ತನ್ನ ಯಂತ್ರಗಳ ಬಹುಭಾಗವನ್ನು ತಾನೇ ತಯಾರಿಸಿಕೊಳ್ಳುತ್ತಿದ್ದ ಐಬಿಎಂ, ಸಣ್ಣ ಕಂಪ್ಯೂಟರಿನ ಮಾರುಕಟ್ಟೆ ಕೈತಪ್ಪುತ್ತಿದೆ ಎನ್ನಿಸಿದಾಗ ಫ್ಲಾರಿಡಾದ ಬೊಕಾ ರೇಟನ್‌ನಲ್ಲಿ ಒಂದು ಚಿಕ್ಕ ತಂಡ ಕಟ್ಟಿತು. ತಂಡಕ್ಕೆ ಇದ್ದದ್ದು ಸುಮಾರು ಒಂದು ವರ್ಷ. ಎಲ್ಲವನ್ನೂ ಹೊಸದಾಗಿ ಮಾಡುತ್ತ ಕೂರಲು ಪುರಸೊತ್ತಿಲ್ಲದೆ ಅವರು ಪೇಟೆಯಲ್ಲಿ ಸಿದ್ಧವಿದ್ದ ಭಾಗಗಳನ್ನೇ ತಂದರು: ಇಂಟೆಲ್‌ನ 8088 ಪ್ರೊಸೆಸರ್, ಮೈಕ್ರೊಸಾಫ್ಟ್‌ನ ಆಪರೇಟಿಂಗ್ ಸಿಸ್ಟಂ, ಬೇರೆ ಕಂಪನಿಯ ಫ್ಲಾಪಿ ಡ್ರೈವ್. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ಅದರೊಳಗಿನ ಸರ್ಕಿಟ್ ವಿವರಗಳೆಲ್ಲ ಮುದ್ರಿತ ಕೈಪಿಡಿಯಲ್ಲೇ ಸಿಗುತ್ತಿದ್ದವು. ಐಬಿಎಂ ತನ್ನ ಹಕ್ಕಿನಲ್ಲಿ ಬಿಗಿಯಾಗಿ ಹಿಡಿದುಕೊಂಡದ್ದು ಮುಖ್ಯವಾಗಿ ಬಯೋಸ್ ಎಂಬ ಚಿಕ್ಕ ಪ್ರೋಗ್ರಾಂ ಅನ್ನು. ಹ್ಯೂಸ್ಟನ್‌ನಲ್ಲಿ 1982ರಲ್ಲಿ ಹುಟ್ಟಿದ ಕಾಂಪ್ಯಾಕ್, ಮೂಲದ ಸಾಲುಗಳನ್ನು ನೋಡದವರನ್ನೇ ಕೂರಿಸಿ ಅದೇ ಕೆಲಸ ಮಾಡುವ ಬೇರೆ ಬಯೋಸ್ ಬರೆಸಿತು. ಅಲ್ಲಿಂದಾಚೆಗೆ ಬೀಗ ತೆರೆದುಕೊಂಡಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಬೋರ್ಡ್ 305 ಮಿಲಿಮೀಟರ್ ಉದ್ದ, 244 ಅಗಲ, ಸ್ಕ್ರೂ ತೂತು ಇಂಥಲ್ಲೇ, ಕರೆಂಟಿನ ಪ್ಲಗ್ ಇಂಥದ್ದೇ. ತೈವಾನಿನ ಒಂದು ಕಂಪನಿಯ ಬೋರ್ಡು ಇನ್ನೊಂದು ದೇಶದ ಕ್ಯಾಬಿನೆಟ್ಟಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವುದು ಆ ಒಪ್ಪಂದದಿಂದ.

ಈ ಹಳೆಯ ಕಥೆ ಇಲ್ಲಿ ಏಕೆಂದರೆ, ನಮ್ಮ ಊರುಗಳಿಗೆ ಕಂಪ್ಯೂಟರ್ ಬಂದದ್ದೇ ಈ ತೆರೆದ ಬಾಗಿಲಿನಿಂದ. ತೊಂಬತ್ತರ ದಶಕದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ ತಲೆಯೆತ್ತಿದ ಡಿಟಿಪಿ ಸೆಂಟರ್‌ಗಳು, ಆಮೇಲಿನ ಸೈಬರ್ ಕೆಫೆಗಳು, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್‌ಗಳು ನಡೆದದ್ದು ಬಹುಪಾಲು ಅಸೆಂಬಲ್ಡ್ ಯಂತ್ರಗಳ ಮೇಲೆ. ಬ್ರ್ಯಾಂಡೆಡ್ ಅಂದರೆ ಅಂದು ಬ್ಯಾಂಕು, ದೊಡ್ಡ ಕಚೇರಿಗಳ ಮಾತಾಗಿತ್ತು.

ಈಗ ಬೆಲೆಗೆ ಬರೋಣ. ಅಸೆಂಬಲ್ಡ್ ಯಾವಾಗಲೂ ಅಗ್ಗ ಎಂಬ ನಂಬಿಕೆ ಆ ಕಾಲದ್ದು. ಇವತ್ತು ಅದು ಅರ್ಧ ಮಾತ್ರ ನಿಜ. ವರ್ಡ್, ಎಕ್ಸೆಲ್, ಬ್ರೌಸರ್, ಟ್ಯಾಲಿ ಇಷ್ಟಕ್ಕೆ ಸಾಕಾಗುವ ಯಂತ್ರವಾದರೆ, ಲಕ್ಷಗಟ್ಟಲೆ ಭಾಗಗಳನ್ನು ಒಟ್ಟಿಗೆ ಕೊಳ್ಳುವ ಕಂಪನಿಯ ಜೊತೆ ಒಂದೊಂದೇ ಕೊಳ್ಳುವ ನಾವು ಪೈಪೋಟಿ ಮಾಡಲಾರೆವು. ವಿಂಡೋಸ್ ಲೈಸೆನ್ಸ್ ಕೂಡ ಸಾಮಾನ್ಯವಾಗಿ ಅವರ ಬೆಲೆಯೊಳಗೇ ಸೇರಿರುತ್ತದೆ. ಚೀಟಿಯ ಮೊತ್ತ ಕಡಿಮೆ ಕಂಡಾಗ ಅದರಲ್ಲಿ ವಿಂಡೋಸ್ ಇದೆಯೇ ನೋಡಿ. ‘ಹಾಕಿಕೊಡ್ತೀವಿ ಸರ್’ ಎಂದರೆ ಅದು ಲೈಸೆನ್ಸ್ ಇಲ್ಲದ್ದು ಎಂದೇ ಅರ್ಥಮಾಡಿಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡ್ ಬೇಕಾಗುವ ಕೆಲಸ, ಅಂದರೆ ಗೇಮಿಂಗ್, ವಿಡಿಯೊ, ತ್ರೀಡಿ ವಿನ್ಯಾಸ, ಎಐ ಕಲಿಕೆ, ಇಂಥವಕ್ಕೆ ಬಂದರೆ ತಕ್ಕಡಿ ಸಾಮಾನ್ಯವಾಗಿ ಅಸೆಂಬಲ್ಡ್ ಕಡೆ ವಾಲುತ್ತದೆ. ಕೊಟ್ಟ ಹಣ ಬೇಕಾದ ಭಾಗಕ್ಕೇ ಹೋಗುತ್ತದೆ, ಬೇಡದ್ದಕ್ಕೆ ಹೋಗುವುದಿಲ್ಲ.

ಸಾಮಾನ್ಯವಾಗಿ ಎಂದೆ, ಏಕೆಂದರೆ ಪೇಟೆಗೆ ಅದರದೇ ಋತುಮಾನವಿದೆ. 2020–21ರಲ್ಲಿ ಕೋವಿಡ್ ಒಂದು ಕಡೆ, ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ ಮಾಡುವವರ ಹಸಿವು ಇನ್ನೊಂದು ಕಡೆ ಸೇರಿ ಗ್ರಾಫಿಕ್ಸ್ ಕಾರ್ಡುಗಳು ಅಂಗಡಿಯಿಂದ ಮಾಯವಾದವು. ಕಾರ್ಡು ಬೇಕೆಂದರೆ ಅದಿರುವ ಸಿದ್ಧ ಕಂಪ್ಯೂಟರನ್ನೇ ಕೊಳ್ಳುವುದು ಜಾಣತನ ಎನ್ನುವ ಸ್ಥಿತಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಆ ಕಾರ್ಡುಗಳ ಹಂಗು ಕಳಚಿಕೊಂಡ ಮೇಲೆ ಮೈನಿಂಗ್‌ನ ಕಾಟ ತಪ್ಪಿತು. 2025ರ ಕೊನೆಯ ಹೊತ್ತಿಗೆ ಸರದಿ ರ‍್ಯಾಮ್‌ನದಾಯಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದವು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಬಿಡಿ ರ‍್ಯಾಮ್ ಕೊಳ್ಳುವವರಿಗೆಲ್ಲ ಪರಿಚಿತವಾದ ತನ್ನ ‘ಕ್ರೂಷಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಇಂಥ ದಿನಗಳಲ್ಲಿ ಹಳೆಯ ದಾಸ್ತಾನಿನಿಂದ ತಯಾರಾದ ಬ್ರ್ಯಾಂಡೆಡ್ ಯಂತ್ರ ಲಾಭವಾಗಬಹುದು. ಆದ್ದರಿಂದ ನೆಂಟರು ಹೋದ ವರ್ಷ ಹೇಳಿದ ಲೆಕ್ಕವನ್ನು ನೆಚ್ಚಬೇಡಿ. ಕೊಳ್ಳುವ ವಾರದ ದರ ನೋಡಿ.

ಆದರೆ ಮೊದಲ ದಿನದ ಬೆಲೆ ಮೊದಲ ದಿನಕ್ಕೇ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ಡೆಸ್ಕ್‌ಟಾಪ್ ಏಳೆಂಟು ವರ್ಷ ಬಾಳುತ್ತದೆ. ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಊರಿನ ಚಿಕ್ಕಪ್ಪನ ಮನೆಗೆ ಹೋಗುತ್ತದೆ. ನಾನು ನೋಡಬೇಕೆನ್ನುವುದು ಆ ಐದನೇ ವರ್ಷವನ್ನು, ವಾರಂಟಿ ಮುಗಿದು ಮೊದಲ ಭಾಗ ಕೈಕೊಡುವ ದಿನವನ್ನು.

ಹಾಗೆ ಕೈಕೊಡುವವರಲ್ಲಿ ಎಸ್‌ಎಂಪಿಎಸ್ ಮುಂದಿರುತ್ತದೆ. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಫ್ಯಾನ್ ಸಮೇತ ಕೂತ ತಗಡಿನ ಪೆಟ್ಟಿಗೆ ಅದು. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಎಲ್ಲರಿಗೂ ಹಂಚುವ ಕೆಲಸ ಅದರದು. ಎಟಿಎಕ್ಸ್ ಪ್ರಕಾರದ್ದಾದರೆ ಅದರಿಂದ 24 ಪಿನ್ನಿನ ಅಗಲವಾದ ಪ್ಲಗ್ ಹೊರಟು ಮದರ್‌ಬೋರ್ಡಿಗೆ ಚುಚ್ಚಿಕೊಂಡಿರುತ್ತದೆ. ಸುಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಇನ್ನೊಂದು ಕೂರಿಸಿದರಾಯಿತು. ಹುಬ್ಬಳ್ಳಿಯಲ್ಲಾಗಲಿ ಹಾಸನದಲ್ಲಾಗಲಿ ಅರ್ಧ ಗಂಟೆಯ ಕೆಲಸ. ಈಗ ದೊಡ್ಡ ಕಂಪನಿಗಳ ಎಷ್ಟೋ ಆಫೀಸ್ ಡೆಸ್ಕ್‌ಟಾಪ್‌ಗಳ ಪಕ್ಕದ ತಗಡು ತೆಗೆದು ನೋಡಿ. 24 ಪಿನ್ನಿನ ಪ್ಲಗ್ಗೇ ಇರುವುದಿಲ್ಲ. ಅದರ ಜಾಗದಲ್ಲಿ ಆರೋ ಎಂಟೋ ಪಿನ್ನಿನ, ಆ ಕಂಪನಿಗೇ ಮೀಸಲಾದ ಪ್ಲಗ್. ಎಸ್‌ಎಂಪಿಎಸ್‌ನ ಆಕಾರವೂ ಬೇರೆ, ಪೇಟೆಯದ್ದು ಆ ಜಾಗದಲ್ಲಿ ಕೂರದು. ಮದರ್‌ಬೋರ್ಡ್ ಬದಲಿಸೋಣವೆಂದರೆ ಅದರ ತೂತುಗಳು ಬೇರೆ, ಪವರ್ ಬಟನ್ನಿನ ತಂತಿಯೂ ಬೇರೆ. ಕಂಪನಿಯದೇ ಬಿಡಿಭಾಗ ಆ ಹೊತ್ತಿಗೆ ತಯಾರಿಕೆಯಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಸರಿಯಿರುವ ಯಂತ್ರ ಗುಜರಿ ದಾರಿ ಹಿಡಿಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಎಂದರೆ ಇದೇ. ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ. ಕಂಪನಿಗಳಿಗೆ ಇದಕ್ಕೆ ಕಾರಣಗಳಿವೆ, ವಿದ್ಯುತ್ ಉಳಿತಾಯ ಅವುಗಳಲ್ಲೊಂದು, ಒಪ್ಪುತ್ತೇನೆ. ಆದರೆ ಅದರ ಬೆಲೆ ತೆರುವವರು ಐದು ವರ್ಷದ ಮೇಲೆ ಆ ಯಂತ್ರ ಯಾರ ಮನೆಯಲ್ಲಿರುತ್ತದೋ ಅವರು.

ಎಲ್ಲ ಸಿದ್ಧ ಕಂಪ್ಯೂಟರ್‌ಗಳೂ ಹೀಗಿಲ್ಲ. ಪೇಟೆಯ ಭಾಗಗಳನ್ನೇ ಜೋಡಿಸಿ, ತಮ್ಮ ಹೆಸರಿನ ವಾರಂಟಿ ಕೊಟ್ಟು ಮಾರುವವರಿದ್ದಾರೆ. ಕೊಳ್ಳುವ ಮುಂಚೆ ಒಂದು ಬದಿ ತೆಗೆದು ತೋರಿಸಿ ಎನ್ನಿ, ಇಲ್ಲವೇ ಒಳಗಿನ ಫೋಟೊ ಕೇಳಿ. ಅಗಲದ ಪ್ಲಗ್ ಕಂಡರೆ ಅರ್ಧ ಚಿಂತೆ ಕಳೆಯಿತು. ರ‍್ಯಾಮ್ ಎಷ್ಟು ಕಡ್ಡಿ ಇದೆ ಎಂದೂ ನೋಡಿ. 16 ಜಿಬಿ ಎಂದು ಬರೆದಲ್ಲಿ ಒಂದೇ ಕಡ್ಡಿ ಇದ್ದರೆ ಮೆಮೊರಿಯ ಒಂದು ಹಾದಿ ಖಾಲಿ ಬಿದ್ದಿರುತ್ತದೆ. ಎಂಟೆಂಟರ ಎರಡು ಕಡ್ಡಿಯಾದರೆ ಎರಡು ಹಾದಿಯಲ್ಲೂ ಮಾಹಿತಿ ಓಡುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಖಾಲಿ ಸ್ಲಾಟ್ ಇದ್ದರೆ ಮುಂದೆ ಇನ್ನೊಂದು ಕಡ್ಡಿ ಸೇರಿಸಿಕೊಳ್ಳಬಹುದು ಎಂಬ ಸಮಾಧಾನ ಉಂಟು, ಸ್ಲಾಟೇ ಒಂದಾದರೆ ಅದೂ ಇಲ್ಲ.

ಅಸೆಂಬಲ್ಡ್ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದೇನೂ ಅಲ್ಲ. ಅಂಗಡಿಯ ಚೀಟಿಯಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮ್‌ನ ಗಾತ್ರ ಸ್ಪಷ್ಟವಾಗಿರುತ್ತವೆ. ಕೊನೆಯಲ್ಲಿ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಎಂಬ ಒಂದು ಸಾಲು ಬರುತ್ತದೆ, ಕಂಪನಿಯ ಹೆಸರಿಲ್ಲ, ಮಾಡೆಲ್ ಇಲ್ಲ. ಮೊತ್ತ ಇಳಿಸಬೇಕಾದಾಗ ಕತ್ತರಿ ಬೀಳುವುದು ಅಲ್ಲಿಗೇ. 450 ವ್ಯಾಟ್ ಎಂದು ಚೀಟಿ ಅಂಟಿಸಿಕೊಂಡ ಹಗುರ ತಗಡಿನ ಪೆಟ್ಟಿಗೆ ಅಷ್ಟು ಭಾರ ಹೊರಲಾರದು. ವೋಲ್ಟೇಜ್ ಏರಿಳಿದಾಗ ತಾನೊಂದೇ ಸಾಯದೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಗೊತ್ತಿರುವ ಕಂಪನಿಯ, 80 ಪ್ಲಸ್ ಎಂಬ ದಕ್ಷತೆಯ ದರ್ಜೆ ಪಡೆದ ಎಸ್‌ಎಂಪಿಎಸ್‌ಗಳಲ್ಲಿ ಹಲವಕ್ಕೆ ಐದು ವರ್ಷ, ಕೆಲವಕ್ಕೆ ಹತ್ತು ವರ್ಷವೂ ವಾರಂಟಿ ಇರುತ್ತದೆ. ಬಣ್ಣದ ಲೈಟಿನ ಫ್ಯಾನ್ ಬಿಟ್ಟು ಆ ಹಣವನ್ನು ಇಲ್ಲಿಗೆ ಹಾಕಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಆದರೂ ಹೇಳಬೇಕು.

ಇನ್ನು ಹೊಣೆಯ ಮಾತು. ಬ್ರ್ಯಾಂಡೆಡ್ ಯಂತ್ರ ಕೆಟ್ಟರೆ ಒಂದೇ ನಂಬರಿಗೆ ಫೋನ್, ಆನ್‌ಸೈಟ್ ವಾರಂಟಿ ಇದ್ದರೆ ಎಂಜಿನಿಯರ್ ಮನೆಗೇ ಬರುತ್ತಾರೆ. ಅಸೆಂಬಲ್ಡ್‌ನಲ್ಲಿ ಪ್ರೊಸೆಸರಿಗೆ ಒಬ್ಬರು, ಬೋರ್ಡಿಗೆ ಇನ್ನೊಬ್ಬರು, ಎಸ್‌ಎಸ್‌ಡಿಗೆ ಮತ್ತೊಬ್ಬರು. ಯಾವುದು ಕೆಟ್ಟಿದೆ ಎಂದು ಮೊದಲು ನಾವೇ ಪತ್ತೆ ಹಚ್ಚಬೇಕು, ಆಮೇಲೆ ಆಯಾ ಸರ್ವಿಸ್ ಸೆಂಟರಿಗೆ ಒಯ್ಯಬೇಕು ಇಲ್ಲವೇ ಕೊರಿಯರ್ ಮಾಡಬೇಕು. ಅದಕ್ಕೆಲ್ಲ ಬಿಲ್ ಬೇಕು. ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತದೆ ಎಂದು ಬಿಲ್ ಇಲ್ಲದೆ ಕೊಂಡವರು ಆ ದಿನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಬೆಂಗಳೂರಿನಲ್ಲಿ ಇರುವವರಿಗೆ ಈ ಓಡಾಟ ಒಂದು ದಿನದ ಬೇಸರ, ಸಿದ್ದಾಪುರದವರಿಗೆ ಹದಿನೈದು ದಿನದ ಕೆಲಸ ನಷ್ಟ. ದಿನದ ಸಂಪಾದನೆ ಆ ಯಂತ್ರದ ಮೇಲೇ ನಿಂತಿರುವವರು, ಒಂದು ಸಣ್ಣ ಆಸ್ಪತ್ರೆಯ ಕೌಂಟರೋ ಸಹಕಾರ ಸಂಘವೋ, ಬ್ರ್ಯಾಂಡೆಡ್ ಕೊಂಡು ಮೂರು ವರ್ಷದ ಆನ್‌ಸೈಟ್ ವಾರಂಟಿಗೆ ಹೆಚ್ಚಿನ ಹಣ ಕಟ್ಟುವುದೇ ಸರಿ. ಅಲ್ಲಿ ನಾನು ಅಸೆಂಬಲ್ಡ್ ಪರ ವಾದಿಸುವುದಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಏಪ್ರಿಲ್–ಮೇ ತಿಂಗಳ ಸಿಡಿಲಿಗೆ ಬ್ರ್ಯಾಂಡೆಡ್ಡೂ ಒಂದೇ, ಅಸೆಂಬಲ್ಡೂ ಒಂದೇ. ವಾರಂಟಿ ಕಾಗದ ಓದಿದರೆ ಸಿಡಿಲು, ವೋಲ್ಟೇಜ್ ಹೊಡೆತಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಸಿಡಿಲು ಮೋಡೆಮ್‌ಗೆ ಇಳಿದು, ಅಲ್ಲಿಂದ ನೆಟ್‌ವರ್ಕ್ ಕೇಬಲ್ ಹಿಡಿದು ಮದರ್‌ಬೋರ್ಡ್ ತಲುಪಿದ ಕಥೆಗಳು ಅಲ್ಲಿನ ಮನೆಗಳಲ್ಲಿ ಬೇಕಾದಷ್ಟಿವೆ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವ ಹಿರಿಯರ ಅಭ್ಯಾಸವನ್ನು ಯುಪಿಎಸ್ ಇದೆ ಎಂದು ಬಿಡಬೇಡಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುವ ಮನೆಗಳಲ್ಲಿ ಆ ತಪಾಸಣೆ ಯಂತ್ರ ಕೊಳ್ಳುವುದಕ್ಕಿಂತ ಮೊದಲೇ ಆಗಬೇಕು.

ಅಂಗಡಿಯಲ್ಲಿ ಅಸೆಂಬಲ್ ಮಾಡಿಸುವುದಕ್ಕೂ ಸ್ವಂತ ಕೈಯಿಂದ ಜೋಡಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ನಾನು ಮನಸಾರೆ ಮೆಚ್ಚುವುದು ಮನೆಯಲ್ಲಿ ಕಲಿಯುವ ಮಕ್ಕಳಿದ್ದಾಗ. ನಮ್ಮ ಪಕ್ಕದ ಮನೆಯ ಹುಡುಗಿ ಎಂಜಿನಿಯರಿಂಗ್ ಸೇರುವ ಮುನ್ನ ಊಟದ ಮೇಜಿನ ಮೇಲೆ ತನ್ನ ಯಂತ್ರ ಕಟ್ಟಿದಳು. ಪ್ರೊಸೆಸರಿನ ಮೂಲೆಯಲ್ಲಿ ಒಂದು ಪುಟ್ಟ ಚಿನ್ನದ ಬಣ್ಣದ ತ್ರಿಕೋನವಿರುತ್ತದೆ, ಸಾಕೆಟ್ಟಿನ ಮೂಲೆಯಲ್ಲೂ ಅಂಥದ್ದೇ ಗುರುತು. ಎರಡನ್ನೂ ಹೊಂದಿಸಿ ಮೇಲಿಂದ ನೇರ ಇಳಿಸಬೇಕು, ಒತ್ತಬಾರದು. ಕೆಳಗೆ ಸಾವಿರಕ್ಕೂ ಹೆಚ್ಚು ಕೂದಲಿನಂಥ ಪಿನ್ನುಗಳು, ಒಂದು ಬಾಗಿದರೂ ಬೋರ್ಡ್ ಕೆಲಸಕ್ಕೆ ಬಾರದೆ ಹೋಗಬಹುದು. ಅವಳು ಉಸಿರು ಬಿಗಿಹಿಡಿದು ಇಳಿಸಿ ಸನ್ನೆ ಒತ್ತಿದಾಗ ಕಿರ್ ಎಂದಿತು. ‘ಏನಾಯ್ತೇ?’ ಎಂದರು ಅವಳ ಅಪ್ಪ. ‘ಹಾಗೇ ಆಗೋದು ಅಪ್ಪಾ, ಮ್ಯಾನುಯಲ್‌ನಲ್ಲಿದೆ’ ಎಂದಳು. ಪ್ರೊಸೆಸರಿನ ಮೇಲೆ ಕಡಲೆಕಾಳಿನಷ್ಟು ಥರ್ಮಲ್ ಪೇಸ್ಟ್, ಅದರ ಮೇಲೆ ಕೂಲರ್. ಎರಡು ರ‍್ಯಾಮ್ ಕಡ್ಡಿ, ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಅಪ್ಪ ಆರಿಸಹೋದರು, ಅವಳು ತಡೆದಳು. ಡಿಡಿಆರ್5 ರ‍್ಯಾಮ್ ಇರುವ ಬೋರ್ಡು ಮೊದಲ ಸಲ ತನ್ನ ಮೆಮೊರಿಯನ್ನು ಅಳೆದು ಹದ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು, ಆಗ ಪರದೆಯಲ್ಲಿ ಏನೂ ಬಾರದು. ಗೊತ್ತಿಲ್ಲದವರು ಕೆಟ್ಟಿದೆ ಎಂದುಕೊಂಡು ಭಾಗ ವಾಪಸ್ ಕೊಡಲು ಓಡುತ್ತಾರೆ. ಅವಳು ಓದಿದ್ದಳು, ಕಾದಳು, ಬಯೋಸ್ ಬಂತು.

ಆ ಹುಡುಗಿಗೆ ಇನ್ನು ತನ್ನ ಯಂತ್ರದ ಯಾವ ಭಾಗ ಕೆಟ್ಟರೂ ಗಾಬರಿಯಿಲ್ಲ. ಕ್ಲಾಸಿನಲ್ಲಿ ಕಂಪ್ಯೂಟರ್ ಆರ್ಗನೈಸೇಷನ್ ಪಾಠ ಬಂದಾಗ ಮೆಮೊರಿ ಚಾನೆಲ್ ಎಂದರೆ ಯಾವುದೆಂದು ಅವಳ ಬೆರಳಿಗೇ ಗೊತ್ತಿರುತ್ತದೆ. ಈ ಲಾಭಕ್ಕೆ ಯಾವ ಚೀಟಿಯಲ್ಲೂ ಸಾಲಿಲ್ಲ. ಅವಳು ಆರಿಸಿದ್ದು ಎಎಂಡಿಯ ಎಎಂ5 ಸಾಕೆಟ್ಟಿನ ಬೋರ್ಡು, ಅದೂ ಐದನೇ ವರ್ಷವನ್ನು ನೆನೆದೇ. ಅದಕ್ಕೆ ಮುಂಚಿನ ಎಎಂ4 ಸಾಕೆಟ್ 2016ರಲ್ಲಿ ಬಂದದ್ದು, 2024ರಲ್ಲೂ ಅದಕ್ಕೆ ಹೊಸ ಪ್ರೊಸೆಸರ್ ಬಿಡುಗಡೆಯಾಯಿತು. ಬೋರ್ಡ್ ಹಾಗೇ ಇಟ್ಟು ಪ್ರೊಸೆಸರ್ ಒಂದನ್ನೇ ಬದಲಿಸಿ ಯಂತ್ರಕ್ಕೆ ಹೊಸ ಆಯುಸ್ಸು ಕೊಟ್ಟವರು ಬಹಳ ಮಂದಿ.

ಹೊಸದನ್ನೇ ಕೊಳ್ಳಬೇಕೆಂದೂ ಇಲ್ಲ. ಬೆಂಗಳೂರಿನ ಐಟಿ ಕಚೇರಿಗಳು ಬದಲಿಸಿ ಹೊರಗೆ ಹಾಕುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳು ರಿಫರ್ಬಿಷ್ಡ್ ಆಗಿ ಹೊಸದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಹಳ್ಳಿಯ ಶಾಲೆಗೆ, ಗ್ರಂಥಾಲಯಕ್ಕೆ, ಮೊದಲ ಸಲ ಕಲಿಯುವವರಿಗೆ ಇವು ಧಾರಾಳವಾಗಿ ಸಾಕು. ಒಂದು ಎಚ್ಚರ ಇರಲಿ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ, ಇಂಟೆಲ್ ಪ್ರೊಸೆಸರ್ ಆದಲ್ಲಿ, ಸಾಮಾನ್ಯವಾಗಿ ಎಂಟನೇ ತಲೆಮಾರಿನದು ಅಥವಾ ಅದರಿಂದೀಚಿನದು ಬೇಕು. ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿದ್ದವರು ಮಾತ್ರ ಕೊಳ್ಳಿ. ಎಸ್‌ಎಂಪಿಎಸ್‌ನ ಪ್ಲಗ್ಗಿನ ತಕರಾರು ಇವಕ್ಕೂ ಇದೆ. ಆದರೆ ಕಚೇರಿಗಳು ಒಂದೇ ಮಾಡೆಲನ್ನು ನೂರಾರು ಸಂಖ್ಯೆಯಲ್ಲಿ ಹೊರಹಾಕುವುದರಿಂದ ಅವುಗಳ ಬಿಚ್ಚಿದ ಭಾಗಗಳು ಎಸ್‌.ಪಿ. ರೋಡಿನ ಒಳಗಲ್ಲಿಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಬೆಂಗಳೂರಿನ ಹೊರಗೆ ಇರುವವರು ಎಸ್‌.ಪಿ. ರೋಡಿಗೂ ಆನ್‌ಲೈನ್‌ಗೂ ಹೋಗುವ ಮೊದಲು ತಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿಯವರ ಬಳಿ ಹೋಗಿ ಎಂದು ನಾನು ಹೇಳುವುದುಂಟು. ಯಾವ ಮಾಡೆಲ್ ಅವರ ಮೇಜಿಗೆ ಮೇಲಿಂದ ಮೇಲೆ ಬರುತ್ತಿದೆ, ಯಾವ ಕಂಪನಿಯ ಬೋರ್ಡಿಗೆ ಬದಲಿ ಸಿಗುತ್ತಿಲ್ಲ, ಯಾವುದರ ಸರ್ವಿಸ್ ಎಂಜಿನಿಯರ್ ನಿಜಕ್ಕೂ ಊರಿಗೆ ಬರುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತು. ಐದನೇ ವರ್ಷ ಆ ಪೆಟ್ಟಿಗೆಯನ್ನು ತೆರೆಯುವವರು ಬಹುಶಃ ಅವರೇ. ಅಸೆಂಬಲ್ ಮಾಡಿಸುವುದೆಂದು ನಿಶ್ಚಯವಾದರೆ ಅವರಿಂದಲೇ ಮಾಡಿಸಿ, ಪ್ರತಿ ಭಾಗದ ಮಾಡೆಲ್ ಮತ್ತು ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಭಾಗಗಳ ದರದಲ್ಲಿ ಬೇಕಾದರೆ ಚೌಕಾಸಿ ಮಾಡಿ, ಜೋಡಿಸಿಕೊಟ್ಟದ್ದಕ್ಕೆ ಅವರು ಕೇಳುವ ಕೂಲಿಯಲ್ಲಿ ಮಾಡಬೇಡಿ.